ಕ್ಷೇತ್ರಕಾರ್ಯದ ಆ ಒಂದು ಗಂಟೆಯನ್ನು ಉಳಿಸಿಕೊಡಿ: ಸಮಾಜಕಾರ್ಯ ಸ್ನಾತಕೋತ್ತರ ಪದವಿಯ ನಿಯಮ ರೂಪಿಸುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಸಮಾಜಕಾರ್ಯ ಸ್ನಾತಕೋತ್ತರ ಪದವಿಯ ನಿಯಮಾವಳಿಗಳಲ್ಲಿ ಕ್ಷೇತ್ರಕಾರ್ಯದ, ಎಂದರೆ ಆಸ್ಪತ್ರೆ, ಶಾಲೆಗಳಂಥ ಕಡೆ ವಿದ್ಯಾರ್ಥಿಗಳು ಮಾಡಿ ಕಲಿಯುವ ಕೆಲಸದ, ಗಂಟೆಗಳಿಗೆ ಲೆಕ್ಕವಿದೆ, ಹಾಜರಾತಿಗೆ ಲೆಕ್ಕವಿದೆ, ಸಲ್ಲಿಸಬೇಕಾದ ವರದಿಗಳ ಸಂಖ್ಯೆಗೆ ಲೆಕ್ಕವಿದೆ, ಅಂಕಗಳಿಗಂತೂ ಇದ್ದೇ ಇದೆ. ಆದರೆ ವಿದ್ಯಾರ್ಥಿಯು ತಾನು ಬರೆದ ವರದಿಯನ್ನು ಮುಂದಿಟ್ಟುಕೊಂಡು ಮೇಲ್ವಿಚಾರಕರ ಎದುರು ಕುಳಿತು, ಆ ವಾರ ತಾನು ಏನು ಕಂಡೆ, ಏನು ಕೇಳಿಸಿಕೊಂಡೆ, ಎಲ್ಲಿ ಎಡವಿದೆ ಎಂದು ಬಿಡಿಸಿ ಮಾತನಾಡುವ ಒಂದು ಗಂಟೆಗೆ, ನಾನು ಓದಿದ ಮತ್ತು ಕೆಲಸ ಮಾಡಿದ ಹೆಚ್ಚಿನ ಕಡೆಗಳಲ್ಲಿ, ಯಾವ ಲೆಕ್ಕವೂ ಇರಲಿಲ್ಲ. ಅದು ನಡೆದರೆ ಮೇಲ್ವಿಚಾರಕರ ಒಳ್ಳೆಯತನ, ನಡೆಯದಿದ್ದರೆ ಯಾರೂ ಕೇಳುವವರಿಲ್ಲ. ಈ ಒಂದು ಗಂಟೆಯನ್ನು ಬೋಧನೆ ಎಂದೇ ಪರಿಗಣಿಸಿ, ಅದಕ್ಕೆ ವೇಳಾಪಟ್ಟಿಯಲ್ಲಿ ಜಾಗ ಕೊಟ್ಟು, ನಿಯಮದ ರಕ್ಷಣೆ ಒದಗಿಸಬೇಕೆಂದು ಕೇಳಿಕೊಳ್ಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಈ ಪದವಿಯನ್ನು ಓದಿ, ಆಸ್ಪತ್ರೆಯಲ್ಲಿ ಸಮಾಜಕಾರ್ಯಕರ್ತೆಯಾಗಿ ದುಡಿದು, ಈಗ ಹಲವು ವರ್ಷಗಳಿಂದ ಕ್ಷೇತ್ರಕ್ಕೆ ಬರುವ ವಿದ್ಯಾರ್ಥಿಗಳ ಮೇಲ್ವಿಚಾರಣೆ ಮಾಡುತ್ತಿರುವವಳು.

ಪತ್ರ ಬಹಿರಂಗವಾಗಿರುವುದರಿಂದ, ಈ ಓದಿನ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು ಹೇಳಬೇಕು. ಸಮಾಜಕಾರ್ಯವೆಂದರೆ ಬಿಡುವಿನ ವೇಳೆಯಲ್ಲಿ ಮಾಡುವ ಸಮಾಜಸೇವೆ, ಅದಕ್ಕೆ ಒಳ್ಳೆಯ ಮನಸ್ಸಿದ್ದರೆ ಸಾಕು, ಪದವಿ ಯಾಕೆ ಎಂದು ಕೇಳುವವರು ಈಗಲೂ ಇದ್ದಾರೆ. ತರಗತಿಯಲ್ಲಿ ವಿದ್ಯಾರ್ಥಿಗಳು ವ್ಯಕ್ತಿಗತ ಸಮಾಜಕಾರ್ಯ, ವೃಂದಗತ ಸಮಾಜಕಾರ್ಯ, ಸಮುದಾಯ ಸಂಘಟನೆ, ಸಂಶೋಧನಾ ವಿಧಾನ, ಸಾಮಾಜಿಕ ನೀತಿ, ಮಾನವ ಬೆಳವಣಿಗೆ, ಮನೋರೋಗಗಳ ಪರಿಚಯ ಮುಂತಾದವನ್ನು ಓದುತ್ತಾರೆ. ಅದರ ಜೊತೆಯಲ್ಲೇ ವಾರದ ಕೆಲವು ದಿನ ಆಸ್ಪತ್ರೆ, ಶಾಲೆ, ಮಕ್ಕಳ ಪಾಲನಾ ಕೇಂದ್ರ, ವೃದ್ಧಾಶ್ರಮ, ಸೆರೆಮನೆ ಅಥವಾ ಯಾವುದಾದರೂ ಸಮುದಾಯದಲ್ಲಿ ಕೆಲಸ ಮಾಡುತ್ತಾರೆ. ಕೊನೆಯಲ್ಲಿ ಕೆಲವು ವಾರ ಪೂರ್ಣಾವಧಿ ಬ್ಲಾಕ್ ಪ್ಲೇಸ್‌ಮೆಂಟ್ ಇರುತ್ತದೆ. ಭೇಟಿಯಾದ ವ್ಯಕ್ತಿಯೊಡನೆ ನಡೆದ ಮಾತುಕತೆಯನ್ನು, ಆ ಹೊತ್ತಿಗೆ ತನ್ನ ಮನಸ್ಸಿನಲ್ಲಿ ಆದದ್ದನ್ನೂ ಸೇರಿಸಿ, ಸಾಧ್ಯವಾದಷ್ಟು ನಡೆದಂತೆಯೇ ಬರೆದಿಡುವುದಕ್ಕೆ ನಾವು ಪ್ರೋಸೆಸ್ ರೆಕಾರ್ಡಿಂಗ್ ಎನ್ನುತ್ತೇವೆ. ಆ ಬರಹವನ್ನು ಓದಿ ಮೇಲ್ವಿಚಾರಕರು ವಿದ್ಯಾರ್ಥಿಯೊಬ್ಬರೊಡನೆಯೇ ನಡೆಸುವ ಚರ್ಚೆಗೆ ಇಂಡಿವಿಜುವಲ್ ಕಾನ್ಫರೆನ್ಸ್ ಎಂದು ಹೆಸರು. ವಿದ್ಯಾರ್ಥಿಗಳ ಬಾಯಲ್ಲಿ ಅದು ಬರೀ ಐ.ಸಿ. ನಾನು ಉಳಿಸಿಕೊಡಿ ಎಂದು ಕೇಳುತ್ತಿರುವುದು ಇದನ್ನೇ.

ಈ ವಿದ್ಯೆ ಹುಟ್ಟಿದ್ದೇ ಕ್ಷೇತ್ರದಲ್ಲಿ ಎಂಬುದನ್ನು ತಮಗೆ ನೆನಪಿಸುವುದು ಅನುಚಿತವಾಗಲಾರದು ಎಂದುಕೊಳ್ಳುತ್ತೇನೆ. ಬಾಲ್ಟಿಮೋರ್‌ನ ದತ್ತಿ ಸಂಸ್ಥೆಯೊಂದಕ್ಕೆ 1889ರಲ್ಲಿ ಸಹಾಯಕ ಖಜಾಂಚಿಯಾಗಿ ಸೇರಿದ ಮೇರಿ ರಿಚ್ಮಂಡ್ ಅವರಿಗೆ ವಿಶ್ವವಿದ್ಯಾಲಯದ ಪದವಿಯಿರಲಿಲ್ಲ. ಬಡವರ ಮನೆಗಳಿಗೆ ಭೇಟಿ ಕೊಡುವವರಿಗೆ ಸದುದ್ದೇಶ ಮಾತ್ರ ಸಾಲದು, ತರಬೇತಿ ಬೇಕು ಎಂದು ಅವರು 1897ರಲ್ಲಿ ಟೊರಾಂಟೊದ ಸಮ್ಮೇಳನದಲ್ಲಿ ವಾದಿಸಿದರು. ಮರುವರ್ಷವೇ ನ್ಯೂಯಾರ್ಕ್‌ನಲ್ಲಿ ಆರು ವಾರಗಳ ಬೇಸಿಗೆ ತರಬೇತಿ ಆರಂಭವಾಯಿತು. ಇಂದಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಕಾರ್ಯ ಶಾಲೆಯ ಬೇರು ಅಲ್ಲಿದೆ. 1899ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, 1908ರಲ್ಲಿ ಆಲಿಸ್ ಸಾಲೊಮನ್ ಅವರ ನೇತೃತ್ವದಲ್ಲಿ ಬರ್ಲಿನ್‌ನಲ್ಲಿ, 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನಲ್ಲಿ ಶಾಲೆಗಳು ತೆರೆದವು.

ಇದೆಲ್ಲದರ ನಡುವೆ 1915ರಲ್ಲಿ ಒಂದು ಪೆಟ್ಟು ಬಿತ್ತು. ವೈದ್ಯಕೀಯ ಶಿಕ್ಷಣದ ಬಗೆಗಿನ ತಮ್ಮ 1910ರ ವರದಿಯಿಂದ ಹೆಸರಾಗಿದ್ದ ಅಬ್ರಹಾಂ ಫ್ಲೆಕ್ಸ್‌ನರ್ ಅವರು ಬಾಲ್ಟಿಮೋರ್‌ನ ಸಮ್ಮೇಳನದಲ್ಲಿ ಮಾತನಾಡುತ್ತ, ಸಮಾಜಕಾರ್ಯವನ್ನು ಪೂರ್ಣಾರ್ಥದ ವೃತ್ತಿ ಎನ್ನಲಾಗದು, ಕಲಿಸಬಹುದಾದಂಥ ತನ್ನದೇ ಆದ ಖಚಿತ ವಿಧಾನ ಅದಕ್ಕಿಲ್ಲ ಎಂಬ ತೀರ್ಮಾನ ಕೊಟ್ಟರು. ಎರಡು ವರ್ಷದ ನಂತರ ರಿಚ್ಮಂಡ್ ಅವರ ದೊಡ್ಡ ಗ್ರಂಥ ಹೊರಬಂತು. ವಿವಿಧ ಸಂಸ್ಥೆಗಳ ಕೇಸ್ ದಾಖಲೆಗಳನ್ನು ಕೂಲಂಕಷವಾಗಿ ಓದಿ, ಒಂದು ಕುಟುಂಬದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಕಣ್ಣಾರೆ ಕಂಡದ್ದೆಷ್ಟು, ಇನ್ನೊಬ್ಬರಿಂದ ಕೇಳಿದ್ದೆಷ್ಟು, ನಾವೇ ಊಹಿಸಿಕೊಂಡದ್ದೆಷ್ಟು ಎಂದು ವಿಂಗಡಿಸುವುದನ್ನು ಆ ಗ್ರಂಥ ಕಲಿಸುತ್ತದೆ. ಫ್ಲೆಕ್ಸ್‌ನರ್ ಎತ್ತಿದ ಪ್ರಶ್ನೆಗೆ ಈ ವೃತ್ತಿ ಕೊಟ್ಟ ಅತ್ಯಂತ ಗಟ್ಟಿ ಉತ್ತರ ಅದೇ ಎಂದು ನಾನು ನಂಬಿದ್ದೇನೆ. ಹಾಗಿರುವಾಗ ವಿದ್ಯಾರ್ಥಿಯ ದಾಖಲೆಯನ್ನು ಓದದೆಯೇ ಸಹಿ ಮಾಡುವುದು ಬರೀ ಕಚೇರಿ ಕೆಲಸದ ಲೋಪವಾಗಿ ಉಳಿಯುವುದಿಲ್ಲ. ಈ ವಿದ್ಯೆಯನ್ನು ವಿದ್ಯೆಯಾಗಿಸಿದ ಕೆಲಸವನ್ನೇ ಅಲ್ಲಿ ಬಿಟ್ಟಂತಾಗುತ್ತದೆ.

ನನ್ನ ಮೊದಲ ವರ್ಷದ ಒಂದು ಘಟನೆಯನ್ನು ಹೇಳಲು ಅನುಮತಿ ಕೋರುತ್ತೇನೆ. ನನ್ನನ್ನು ಮಕ್ಕಳ ವಾರ್ಡಿಗೆ ಹಾಕಿದ್ದರು. ಅಪಸ್ಮಾರಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಒಂದು ಮಗು ಮನೆಗೆ ಹೊರಡುವುದರಲ್ಲಿತ್ತು. ಈ ಔಷಧವನ್ನು ಹೊತ್ತು ತಪ್ಪಿಸಿದರೆ ಫಿಟ್ಸ್ ಮರುಕಳಿಸಬಹುದು ಎಂಬ ಕಾರಣಕ್ಕೆ, ಔಷಧದ ವೇಳಾಪಟ್ಟಿಯನ್ನು ತಂದೆಗೆ ಕೊಟ್ಟು ವಿವರಿಸುವ ಕೆಲಸವನ್ನು ನನಗೆ ವಹಿಸಿದರು. ಆ ಸಂಜೆ ನಾನು ವರದಿಯಲ್ಲಿ ಹೀಗೆ ಬರೆದೆ: "ತಂದೆಯು ಕಾಗದವನ್ನು ನೋಡದೆ ಮಡಚಿ ಜೇಬಿಗೆ ಹಾಕಿಕೊಂಡರು. ಆಸಕ್ತಿ ತೋರಲಿಲ್ಲ. ಮಗುವಿನ ಚಿಕಿತ್ಸೆಯ ಬಗ್ಗೆ ಅವರಲ್ಲಿ ಜವಾಬ್ದಾರಿಯ ಕೊರತೆ ಇದೆ."

ನನ್ನ ಮೇಲ್ವಿಚಾರಕರು ಪೆನ್ಸಿಲ್ ಹಿಡಿದು ಓದುವವರು. ಮೊದಲ ವಾಕ್ಯವನ್ನು ಬಿಟ್ಟು, ಎರಡನೆಯದರ ಕೆಳಗೆ ಒಂದು ಗೆರೆ, ಮೂರನೆಯದರ ಕೆಳಗೆ ಎರಡು ಗೆರೆ ಎಳೆದಿದ್ದರು. ಐ.ಸಿ.ಯಲ್ಲಿ ಕುಳಿತಾಗ ಅವರು ಗದರಲಿಲ್ಲ. "ಕಾಗದ ಮಡಚಿದ್ದನ್ನು ನೀನು ಕಂಡೆಯಮ್ಮ, ಅದು ಸರಿ. ಆಸಕ್ತಿ ಇಲ್ಲ ಅನ್ನುವುದನ್ನು ಎಲ್ಲಿ ಕಂಡೆ?" ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಆಮೇಲೆ ನಾನು ಎಲ್ಲಿ ನಿಂತಿದ್ದೆ, ಅವರು ಆ ಹೊತ್ತಿಗೆ ಏನು ಮಾಡುತ್ತಿದ್ದರು, ನಾನು ಮಾತು ಶುರು ಮಾಡಿದ್ದು ಯಾವ ಪದದಿಂದ ಎಂದೆಲ್ಲ ಒಂದೊಂದಾಗಿ ಕೇಳಿದರು. ಹೇಳುತ್ತಾ ಹೋದಂತೆ, ನಾನು ಹೆಸರನ್ನೂ ಹೇಳದೆ, ಕುಳಿತುಕೊಳ್ಳದೆ, ಕಾಗದವನ್ನು ಮುಂದೆ ಚಾಚಿ, ಪಾಠ ಒಪ್ಪಿಸುವಂತೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದೆ ಎಂಬುದು ನನಗೇ ಕಾಣಿಸಿತು.

ಮುಂದಿನ ಭೇಟಿಯಲ್ಲಿ ಕುರ್ಚಿ ಎಳೆದುಕೊಂಡು ಕುಳಿತೆ. ಆಸ್ಪತ್ರೆಯವರು ಕೊಟ್ಟ ಕಾಗದಗಳಲ್ಲಿ ಯಾವುದಾದರೂ ಅರ್ಥವಾಗದೆ ಉಳಿದಿದೆಯೇ ಎಂದು ಕೇಳಿದೆ. ಆ ತಂದೆ ಜೇಬಿನಿಂದ ಕಾಗದಗಳ ಒಂದು ಕಟ್ಟನ್ನೇ ತೆಗೆದು ಹಾಸಿಗೆಯ ಮೇಲೆ ಹರಡಿದರು. ನಾನು ಕೊಟ್ಟಿದ್ದ ವೇಳಾಪಟ್ಟಿಯದೇ ಇನ್ನೊಂದು ಪ್ರತಿ ಅದರಲ್ಲಿತ್ತು. ಎರಡು ದಿನ ಮೊದಲೇ ನರ್ಸ್ ಕೊಟ್ಟಿದ್ದು. ಅದರ ಅಂಚಿನಲ್ಲಿ ಅವರು ತಮ್ಮ ಪಾಳಿಯ ಸಮಯವನ್ನು ಬರೆದುಕೊಂಡು, ರಾತ್ರಿಯ ಔಷಧದ ಹೊತ್ತಿಗೆ ಸುತ್ತು ಹಾಕಿದ್ದರು. ಆ ಹೊತ್ತಿನಲ್ಲಿ ಅವರು ಕೆಲಸದ ಮೇಲಿರುತ್ತಾರೆ, ಮನೆಯಲ್ಲಿ ಔಷಧ ಕೊಡಬಲ್ಲ ಇನ್ನೊಬ್ಬರಿಲ್ಲ. ಇದನ್ನು ಯಾರಿಗೆ ಹೇಳಬೇಕೆಂದು ತಿಳಿಯದೆ ಅವರು ಎರಡು ದಿನದಿಂದ ಒದ್ದಾಡುತ್ತಿದ್ದರು. ವೈದ್ಯರಿಗೆ ತಿಳಿಸಿದ ಮೇಲೆ, ಅವರು ಔಷಧದ ಹೊತ್ತುಗಳನ್ನು ಆ ಮನೆಗೆ ಹೊಂದುವಂತೆ ಬದಲಿಸಿ ಬರೆದುಕೊಟ್ಟರು.

ಪೆನ್ಸಿಲ್ಲಿನ ಆ ಮೂರು ಗೆರೆಗಳಿಲ್ಲದಿದ್ದರೆ, ಒಬ್ಬ ತಂದೆ ಬೇಜವಾಬ್ದಾರಿ ಎಂಬ ಮಾತು ಆ ಮಗುವಿನ ಕಡತದಲ್ಲಿ ಉಳಿದುಬಿಡುತ್ತಿತ್ತು. ಮುಂದೆ ಓದುವವರು ಅದನ್ನು ನಂಬುತ್ತಿದ್ದರು. ನಾನೂ ನಂಬಿಕೊಂಡೇ ಪದವಿ ಪಡೆದು ಹೊರಬರುತ್ತಿದ್ದೆ, ಇನ್ನೂ ಎಷ್ಟು ಜನರ ಮೇಲೆ ಅಂಥ ವಾಕ್ಯ ಬರೆಯುತ್ತಿದ್ದೆನೋ ಎಂದು ನೆನೆದಾಗ ಇವತ್ತಿಗೂ ಮನಸ್ಸು ಕಸಿವಿಸಿಗೊಳ್ಳುತ್ತದೆ.

ಎರಡನೆಯ ವರ್ಷದಲ್ಲಿ ನನಗೆ ಆದ ಅನುಭವ ಇದಕ್ಕೆ ತೀರಾ ವಿರುದ್ಧ. ನನ್ನನ್ನು ಕಳುಹಿಸಿದ ಸಂಸ್ಥೆಯಲ್ಲಿ ತಿಂಗಳುಗಟ್ಟಲೆ ಹಳೆಯ ಅರ್ಜಿಗಳ ವಿವರಗಳನ್ನು ಕಂಪ್ಯೂಟರಿಗೆ ತುಂಬಿಸುವ ಕೆಲಸ ಕೊಟ್ಟರು. ವಿಭಾಗದಿಂದ ನನಗೆ ಗೊತ್ತುಮಾಡಿದ್ದ ಮೇಲ್ವಿಚಾರಕರ ಬಳಿ ನನ್ನಂಥವರು ಇಪ್ಪತ್ತಕ್ಕೂ ಹೆಚ್ಚು ಮಂದಿ ಇದ್ದರು. ಸೆಮಿಸ್ಟರ್ ಕೊನೆಯಲ್ಲಿ ಅವರ ಕೊಠಡಿಯ ಹೊರಗೆ ಸಾಲಾಗಿ ನಿಂತೆವು. ನನ್ನ ಹನ್ನೆರಡು ವರದಿಗಳಿಗೆ ಒಂದೇ ಸಲಕ್ಕೆ ಸಹಿ ಬಿತ್ತು. ಪುಟ ತಿರುವುವ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ನನಗೆ ಒಳ್ಳೆಯ ಅಂಕಗಳೇ ಬಂದವು. ಆ ಮೇಲ್ವಿಚಾರಕರನ್ನು ನಾನು ದೂರುವುದಿಲ್ಲ. ಅವರಿಗೆ ವಾರಕ್ಕೆ ಹದಿನಾರು ಗಂಟೆ ತರಗತಿಗಳಿದ್ದವು, ಐ.ಸಿ.ಗೆಂದು ವೇಳಾಪಟ್ಟಿಯಲ್ಲಿ ಒಂದು ನಿಮಿಷವೂ ಇರಲಿಲ್ಲ. ನಿಯಮ ಕೇಳಿದ್ದು ಸಹಿಯನ್ನು, ಅವರು ಸಹಿಯನ್ನೇ ಕೊಟ್ಟರು.

ಗಂಟೆಗಳನ್ನು ಎಣಿಸುವುದರಲ್ಲಿ ನಮ್ಮ ಶಿಕ್ಷಣ ವ್ಯವಸ್ಥೆಗಳು ಎಲ್ಲೆಡೆಯೂ ಶ್ರದ್ಧೆ ತೋರಿವೆ. ಅಮೆರಿಕದ ಮಾನ್ಯತಾ ಮಾನದಂಡದ ಪ್ರಕಾರ ಸ್ನಾತಕೋತ್ತರ ವಿದ್ಯಾರ್ಥಿಗೆ ಕನಿಷ್ಠ 900 ಗಂಟೆಗಳ ಕ್ಷೇತ್ರಕಾರ್ಯ ಬೇಕು. ಆಸ್ಟ್ರೇಲಿಯಾದಲ್ಲಿ 1000 ಗಂಟೆ. ಇಂಗ್ಲೆಂಡಿನಲ್ಲಿ ದಿನಗಳ ಲೆಕ್ಕದಲ್ಲಿ 200. ಈ ಎಣಿಕೆ ಬೇಡವೆಂದು ನಾನು ಹೇಳುತ್ತಿಲ್ಲ. 2008ರಲ್ಲಿ ಅಮೆರಿಕದ ಸಮಾಜಕಾರ್ಯ ಶಿಕ್ಷಣ ಮಂಡಳಿಯು ಕ್ಷೇತ್ರ ಶಿಕ್ಷಣವನ್ನು ಈ ವೃತ್ತಿಯ ಹೆಗ್ಗುರುತಿನ ಬೋಧನಾ ಕ್ರಮವೆಂದು ಘೋಷಿಸಿದಾಗ, ನಮ್ಮಂಥವರಿಗೆ ಸಂತೋಷವೂ ಆಯಿತು. ಆದರೆ ಕ್ಷೇತ್ರದಲ್ಲಿ ಕಳೆದ ಗಂಟೆಗಳು ತಾವಾಗಿಯೇ ಕಲಿಕೆಯಾಗುವುದಿಲ್ಲ. ತಪ್ಪನ್ನು ಯಾರೂ ತೋರಿಸದಿದ್ದರೆ 900 ಗಂಟೆಗಳಲ್ಲಿ ಆ ತಪ್ಪು ರೂಢಿಯಾಗುತ್ತದೆ, ರೂಢಿಯಾದದ್ದಕ್ಕೆ ಅನುಭವವೆಂಬ ಹೆಸರು ಬರುತ್ತದೆ.

ಪರೀಕ್ಷೆಯ ಒಂದು ಪ್ರಶ್ನೆಯನ್ನೇ ನೋಡಿ. ವ್ಯಕ್ತಿಗತ ಸಮಾಜಕಾರ್ಯದಲ್ಲಿ ಕಾರ್ಯಕರ್ತರಿಗೂ ನೆರವು ಕೇಳಿ ಬಂದವರಿಗೂ ನಡುವೆ ಇರಬೇಕಾದ ಸಂಬಂಧದ ಬಗ್ಗೆ ಅಮೆರಿಕದ ಸಮಾಜಕಾರ್ಯ ಪ್ರಾಧ್ಯಾಪಕ ಫೆಲಿಕ್ಸ್ ಬೈಸ್ಟೆಕ್ 1957ರಲ್ಲಿ ಕೊಟ್ಟ ಏಳು ತತ್ತ್ವಗಳನ್ನು ಬರೆಯಿರಿ ಎಂದರೆ ನಮ್ಮ ವಿದ್ಯಾರ್ಥಿಗಳು ಕಣ್ಣು ಮುಚ್ಚಿ ಬರೆಯುತ್ತಾರೆ. ಪ್ರತಿಯೊಬ್ಬರನ್ನೂ ಪ್ರತ್ಯೇಕ ವ್ಯಕ್ತಿಯಾಗಿ ಕಾಣುವುದು, ಭಾವನೆಗಳಿಗೆ ಎಡೆ ಕೊಡುವುದು, ಹಿಡಿತವಿರುವ ಭಾವನಾತ್ಮಕ ಪಾಲ್ಗೊಳ್ಳುವಿಕೆ, ಇದ್ದಂತೆಯೇ ಒಪ್ಪಿಕೊಳ್ಳುವುದು, ತೀರ್ಪು ಕೊಡದಿರುವುದು, ಸ್ವನಿರ್ಧಾರದ ಹಕ್ಕು, ಗೋಪ್ಯತೆ. ಈ ಪೈಕಿ ಮೂರನೆಯದನ್ನು ಪುಸ್ತಕದಿಂದ ಕಲಿತವರನ್ನು ನಾನು ನೋಡಿಲ್ಲ. ಸಾಯುತ್ತಿರುವ ರೋಗಿಯ ಪಕ್ಕ ಕುಳಿತು ಬಂದ ಇಪ್ಪತ್ತೆರಡು ವರ್ಷದ ವಿದ್ಯಾರ್ಥಿ ಆ ರಾತ್ರಿ ಊಟ ಮಾಡಲಾರ. ಮರುವಾರ ಏನೇನೋ ನೆಪ ಹೇಳಿ ಆ ವಾರ್ಡಿಗೆ ಹೋಗುವುದನ್ನೇ ತಪ್ಪಿಸುತ್ತಾನೆ. ಹಾಜರಾತಿ ಪುಸ್ತಕದಲ್ಲಿ ಅದು ಗೈರುಹಾಜರಿ. ಅವನನ್ನು ಕೂರಿಸಿಕೊಂಡು ಏನಾಯಿತು ಮಗು ಎಂದು ಕೇಳುವವರಿದ್ದರೆ, ಅವನು ಈ ವೃತ್ತಿಯಲ್ಲಿ ಉಳಿಯುತ್ತಾನೆ. ಕೇಳುವವರಿಲ್ಲದೆ ಈ ಓದನ್ನೇ ಬಿಟ್ಟುಹೋದ ಇಬ್ಬರು ನನ್ನ ಸಹಪಾಠಿಗಳು. ಬಿಟ್ಟುಹೋಗದೆ ಮನಸ್ಸನ್ನು ಕಲ್ಲು ಮಾಡಿಕೊಂಡು ಮುಂದುವರಿದವರ ಸಂಖ್ಯೆ ಇನ್ನೂ ದೊಡ್ಡದು, ಮತ್ತು ನನಗೆ ಹೆಚ್ಚು ಭಯವಿರುವುದು ಅವರ ಬಗ್ಗೆ. ಏಕೆಂದರೆ ಕಷ್ಟದಲ್ಲಿರುವವರು ನಾಳೆ ಎದುರಿಸಬೇಕಾದ್ದು ಅವರ ಮೇಜನ್ನೇ.

ಮೇಲ್ವಿಚಾರಣೆ ಮೊದಲ ವರ್ಷಕ್ಕೆ ಸಾಕು, ಎರಡನೆಯ ವರ್ಷದವರು ತಾವೇ ನಿಭಾಯಿಸುತ್ತಾರೆ ಎಂಬ ವಾದವನ್ನು ನಾನು ಸಭೆಗಳಲ್ಲಿ ಕೇಳಿದ್ದೇನೆ. ಸಮಾಜಕಾರ್ಯ ಕಲಿಕೆಯ ಹಂತಗಳ ಬಗ್ಗೆ ಅಮೆರಿಕದ ಸಮಾಜಕಾರ್ಯ ಶಿಕ್ಷಕಿ ಬರ್ತಾ ರೆನಾಲ್ಡ್ಸ್ 1942ರಲ್ಲೇ ಬರೆದದ್ದು ಇಲ್ಲಿ ನೆನಪಿಗೆ ಬರುತ್ತದೆ. ತನ್ನ ಬಗ್ಗೆಯೇ ವಿಪರೀತ ಎಚ್ಚರ ಮತ್ತು ಅಂಜಿಕೆಯಿರುವ ಮೊದಲ ಹಂತ, ಮುಳುಗಲಿ ತೇಲಲಿ ಎಂದು ಕೈಕಾಲು ಬಡಿಯುವ ಎರಡನೆಯ ಹಂತ ಮುಗಿದ ಮೇಲೆ, ಪರಿಸ್ಥಿತಿ ಸ್ಪಷ್ಟವಾಗಿ ಅರ್ಥವಾಗಿಯೂ ಅದಕ್ಕೆ ತಕ್ಕಂತೆ ತಾನು ನಡೆದುಕೊಳ್ಳಲಾಗದ ಮೂರನೆಯ ಹಂತವೊಂದು ಬರುತ್ತದೆ. ಎರಡನೆಯ ವರ್ಷದ ನಮ್ಮ ಬಹುಪಾಲು ವಿದ್ಯಾರ್ಥಿಗಳು ಇರುವುದು ಅಲ್ಲಿಯೇ ಎಂಬುದು ನನ್ನ ಅನುಭವ. ಅವರ ವರದಿಗಳು ಚೆನ್ನಾಗಿರುತ್ತವೆ, ವಿಶ್ಲೇಷಣೆ ಸರಿಯಿರುತ್ತದೆ, ಎದುರಿಗೆ ಮನುಷ್ಯ ಬಂದು ಕುಳಿತಾಗ ಮಾತ್ರ ಹಳೆಯ ಉಪದೇಶವೇ ಬಾಯಿಗೆ ಬರುತ್ತದೆ. ಚೆನ್ನಾಗಿರುವ ವರದಿಯನ್ನು ಕಂಡು ಕೈಬಿಡಬೇಕಾದ ಹೊತ್ತಲ್ಲ ಅದು.

ವಿದ್ಯಾರ್ಥಿಗಳ ಕಡೆಯ ಒಂದು ಸಂಗತಿಯೂ ಈ ಒಂದು ಗಂಟೆಗೆ ನೇರವಾಗಿ ಸಂಬಂಧಿಸಿದೆ. ಕ್ಷೇತ್ರಕಾರ್ಯದ ದಿನಗಳಿಗೆ ಸಾಮಾನ್ಯವಾಗಿ ಸಂಬಳವಿಲ್ಲ. ಓಡಾಟದ ಖರ್ಚೂ ಅವರದ್ದೇ. ಓದಿನ ಖರ್ಚಿಗಾಗಿ ಸಂಜೆಯ ಹೊತ್ತು ದುಡಿಯುವ ವಿದ್ಯಾರ್ಥಿಯು ಭೇಟಿ ಮುಗಿದ ದಿನವೇ ವರದಿ ಬರೆಯಲಾರಳು. ಮೂರು ವಾರದ ವರದಿಗಳನ್ನು ಒಂದು ಭಾನುವಾರ ಕುಳಿತು ನೆನಪಿನಿಂದ ಬರೆಯುತ್ತಾಳೆ. ಅಷ್ಟರಲ್ಲಿ ಜನ ಆಡಿದ ಮಾತುಗಳು ಮರೆತು, ಅವಳ ತೀರ್ಮಾನಗಳು ಮಾತ್ರ ಉಳಿದಿರುತ್ತವೆ. ಆಸ್ಟ್ರೇಲಿಯಾ ಸರ್ಕಾರವು 2025ರ ಜುಲೈಯಿಂದ, ಬೋಧನೆ ಮತ್ತು ಶುಶ್ರೂಷೆಯ ವಿದ್ಯಾರ್ಥಿಗಳ ಜೊತೆಗೆ, ಅರ್ಹರಾದ ಸಮಾಜಕಾರ್ಯ ವಿದ್ಯಾರ್ಥಿಗಳಿಗೂ ಕಡ್ಡಾಯ ಪ್ಲೇಸ್‌ಮೆಂಟಿನ ವಾರಗಳಿಗೆ ನೆರವಿನ ಹಣ ಕೊಡಲು ಆರಂಭಿಸಿದೆ. ಇದನ್ನು ದಾನವೆಂದು ನೋಡದೆ ಶಿಕ್ಷಣದ ವೆಚ್ಚವೆಂದು ನೋಡಿದರೆ, ಬೇರೆ ಕಡೆಗಳಲ್ಲೂ ದಾರಿ ಕಂಡೀತು.

ಈಗ ನನ್ನ ಬೇಡಿಕೆಗಳು. ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರತಿ ವಿದ್ಯಾರ್ಥಿಗೆ ವಾರಕ್ಕೊಮ್ಮೆ ನಡೆಯಬೇಕಾದ ಐ.ಸಿ.ಯನ್ನು ಮೇಲ್ವಿಚಾರಕರ ಬೋಧನಾ ಹೊರೆಯ ಭಾಗವೆಂದು ಲಿಖಿತವಾಗಿ ಪರಿಗಣಿಸಿ, ತರಗತಿಯಷ್ಟೇ ಅಧಿಕೃತವಾಗಿ ವೇಳಾಪಟ್ಟಿಯಲ್ಲಿ ಸೇರಿಸಬೇಕು. ಇದೊಂದಾದರೆ ಒಬ್ಬ ಮೇಲ್ವಿಚಾರಕರಿಗೆ ಎಷ್ಟು ವಿದ್ಯಾರ್ಥಿಗಳು ಎಂಬ ಪ್ರಶ್ನೆ ತಾನಾಗಿಯೇ ಇತ್ಯರ್ಥವಾಗುತ್ತದೆ, ಏಕೆಂದರೆ ಇಪ್ಪತ್ತು ವಿದ್ಯಾರ್ಥಿಗಳಿಗೆ ಇಪ್ಪತ್ತು ಗಂಟೆ ಎಂದು ಕಾಗದದ ಮೇಲೆ ಬರೆದ ಕೂಡಲೇ ಅದು ಅಸಾಧ್ಯವೆಂದು ಯಾರಿಗಾದರೂ ಕಾಣುತ್ತದೆ. ವರದಿಯ ಮೇಲೆ ಸಹಿಯ ಜೊತೆಗೆ ಮೇಲ್ವಿಚಾರಕರ ಕೈಬರಹದ ಟಿಪ್ಪಣಿ ಇರಲೇಬೇಕು, ಅದಿಲ್ಲದ ವರದಿಯನ್ನು ಮೌಲ್ಯಮಾಪನಕ್ಕೆ ಸ್ವೀಕರಿಸಬಾರದು. ನಮ್ಮನ್ನು ಬರಮಾಡಿಕೊಳ್ಳುವ ಸಂಸ್ಥೆಗಳ ಸಿಬ್ಬಂದಿ ತಮ್ಮ ಕೆಲಸದ ನಡುವೆ, ಯಾವ ಪ್ರತಿಫಲವೂ ಇಲ್ಲದೆ ನಮ್ಮ ವಿದ್ಯಾರ್ಥಿಗಳನ್ನು ತಿದ್ದುತ್ತಾರೆ. ಅವರಿಗೆ ವರ್ಷದ ಕೊನೆಗೊಂದು ಕೃತಜ್ಞತಾ ಪತ್ರ ಕಳುಹಿಸಿ ಸುಮ್ಮನಾಗುವ ಬದಲು, ಮೇಲ್ವಿಚಾರಣೆಯ ತರಬೇತಿ ಕೊಟ್ಟು, ಗೌರವಧನ ನಿಗದಿಪಡಿಸಿ, ಪಠ್ಯಕ್ರಮ ಸಮಿತಿಯಲ್ಲಿ ಸ್ಥಾನ ಕೊಡಬೇಕು. ವಿದ್ಯಾರ್ಥಿಗೆ ಕಂಪ್ಯೂಟರಿನಲ್ಲಿ ಅಂಕಿ ತುಂಬಿಸುವ ಕೆಲಸವನ್ನಷ್ಟೇ ಕೊಡುವ ಸಂಸ್ಥೆಗೆ ಮರುವರ್ಷ ಯಾರನ್ನೂ ಕಳುಹಿಸಬಾರದು.

ಗೋಪ್ಯತೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ವಿದ್ಯಾರ್ಥಿಗಳ ವರದಿಗಳು ವಿಭಾಗದ ಕಪಾಟುಗಳಲ್ಲಿ ವರ್ಷಗಟ್ಟಲೆ ಬಿದ್ದಿರುವುದನ್ನು, ಕೆಲವೊಮ್ಮೆ ರದ್ದಿಗೆ ಹೋಗುವುದನ್ನು ನಾನು ಕಂಡಿದ್ದೇನೆ. ಅವುಗಳಲ್ಲಿ ಜನರ ಹೆಸರಿದೆ, ರೋಗವಿದೆ, ಮನೆಯ ಜಗಳವಿದೆ. ನಿಜವಾದ ಹೆಸರನ್ನು ಬರೆಯಬಾರದೆಂಬ ನಿಯಮವೂ, ಪದವಿ ಮುಗಿದ ಮೇಲೆ ಆ ವರದಿಗಳನ್ನು ಏನು ಮಾಡಬೇಕೆಂಬ ನಿಯಮವೂ ತುರ್ತಾಗಿ ಬೇಕಾಗಿದೆ.

ಇಷ್ಟು ಗಂಟೆಗಳಿಗೆ ಬೋಧಕರನ್ನು ಎಲ್ಲಿಂದ ತರುವುದು, ಖರ್ಚು ಯಾರು ಭರಿಸುವುದು ಎಂಬ ಆಕ್ಷೇಪ ಬರುತ್ತದೆಂದು ಬಲ್ಲೆ. ಹುದ್ದೆಗಳನ್ನು ತಕ್ಷಣ ತುಂಬಲು ಸಾಧ್ಯವಿಲ್ಲದಿದ್ದರೆ ಪ್ರವೇಶದ ಸಂಖ್ಯೆಯನ್ನು ಕಡಿಮೆ ಮಾಡಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಸೀಟುಗಳು ಕಡಿಮೆಯಾದರೆ ಅವಕಾಶ ತಪ್ಪುವ ವಿದ್ಯಾರ್ಥಿಗಳ ಬಗ್ಗೆ ನನಗೂ ನೋವಿದೆ. ಆದರೂ ಕೇಳಿಸಿಕೊಳ್ಳುವುದನ್ನು ಯಾರೂ ಕಲಿಸದ ಕೈಗೆ ಪ್ರಮಾಣಪತ್ರ ಕೊಟ್ಟು, ಮನೆಯಿಂದ ಬೇರ್ಪಟ್ಟ ಮಗುವಿನ ಎದುರು, ಹೊಡೆತ ತಿಂದು ಬಂದ ಹೆಂಗಸಿನ ಎದುರು ಕೂರಿಸುವುದನ್ನು ನಾನು ಒಪ್ಪಲಾರೆ. ತರಗತಿಯ ಪಾಠಗಳನ್ನು ಆನ್‌ಲೈನ್‌ನಲ್ಲಿ ಕೇಳಬಹುದು, ಅದಕ್ಕೆ ನನ್ನ ತಕರಾರಿಲ್ಲ. ದೂರದಲ್ಲಿರುವವರಿಗೂ ಉದ್ಯೋಗದಲ್ಲಿರುವವರಿಗೂ ಅದರಿಂದ ಉಪಕಾರವೇ ಆಗಿದೆ. ಐ.ಸಿ.ಯೂ ಅಗತ್ಯಬಿದ್ದರೆ ವಿಡಿಯೊ ಕರೆಯಲ್ಲಿ ನಡೆಯಲಿ. ನಡೆಯಬೇಕು, ವರದಿಯನ್ನು ಮೊದಲೇ ಓದಿ ನಡೆಸಬೇಕು, ಅಷ್ಟೇ ನನ್ನ ಕೋರಿಕೆ.

ಪಠ್ಯಕ್ರಮ ಪರಿಷ್ಕರಣೆಯ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಮಂಡಿಸಲು ನನಗೆ ಅರ್ಧ ಗಂಟೆ ಕೊಡಬೇಕೆಂದು ವಿನಂತಿಸುತ್ತೇನೆ. ಬರುವಾಗ ಭಾಷಣವನ್ನು ತರುವುದಿಲ್ಲ. ನನ್ನ ವಿದ್ಯಾರ್ಥಿಗಳ ಒಪ್ಪಿಗೆ ಪಡೆದು, ಹೆಸರು ಮತ್ತು ಗುರುತುಗಳನ್ನು ಅಳಿಸಿ, ಒಬ್ಬಳೇ ವಿದ್ಯಾರ್ಥಿನಿ ಜೂನ್ ತಿಂಗಳಲ್ಲಿ ಬರೆದ ಒಂದು ವರದಿಯನ್ನೂ ನವೆಂಬರಿನಲ್ಲಿ ಬರೆದ ಇನ್ನೊಂದು ವರದಿಯನ್ನೂ, ನಡುವಿನ ಚರ್ಚೆಗಳ ಟಿಪ್ಪಣಿಗಳ ಸಮೇತ ತರುತ್ತೇನೆ. ತಾವು ದಯವಿಟ್ಟು ಅವನ್ನು ಓದಬೇಕು.

ಇತಿ ತಮ್ಮ ವಿಶ್ವಾಸಿ,
ಕ್ಷೇತ್ರಕಾರ್ಯದ ಒಬ್ಬ ಮೇಲ್ವಿಚಾರಕಿ